ಹುತ್ತ ಬೆಳೆದ ಕಾರಿಗೆ ಬೆಲೆ ಹೇಳಿದ್ದು

ನಮ್ಮ ಯಜಮಾನರು ದೊಡ್ಡ ಕೆಲಸಕ್ಕೆ ಬೆಲೆ ಹೇಳುವ ದಿನ ಬಂತೆಂದರೆ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಲಾರಿ, ಕಾರುಗಳ ಬಾಡಿ ಕಟ್ಟುವುದರಲ್ಲಿ ಅವರ ಕೈ ಒಳ್ಳೆಯದು. ಹೆದರಿಕೆಯೆಲ್ಲ ಅವರ ಬಾಯಿಯದು. ಎದುರಿನವರು ತಟ್ಟೆಯಲ್ಲಿ ಎಲೆ ಅಡಿಕೆ ಮುಂದಿಟ್ಟು, ಇವರು ಬೆಲೆ ಹೇಳಿ ಅದನ್ನು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಮರ ತುಟ್ಟಿಯಾದರೂ, ಕೆಲಸ ಎರಡರಷ್ಟಾದರೂ ಆ ಮಾತು ಹಿಂದಕ್ಕೆ ಬರುತ್ತಿರಲಿಲ್ಲ. ಎಲೆ ಅಡಿಕೆ ಅಗಿದ ಬಾಯಲ್ಲಿ ಇನ್ನೊಂದು ಮಾತು ಬರಬಾರದು ಎನ್ನುವುದು ಅವರ ತಂದೆಯ ಕಾಲದಿಂದ ಬಂದದ್ದು.

ಅದರ ರುಚಿಯನ್ನು ನಾವು ಕೆ.ಆರ್. ನಗರದಲ್ಲಿ ಒಮ್ಮೆ ಕಂಡಿದ್ದೆವು. ಅಲ್ಲಿ ನಮ್ಮದೊಂದು ಶೆಡ್ಡಿತ್ತು. ಒಂದು ಲಾರಿಯ ಹಳೆಯ ಮರದ ಬಾಡಿಯನ್ನು ಸರಿಮಾಡಿ ಕಟ್ಟಿಕೊಡುವುದಾಗಿ ಒಪ್ಪಿ ಎಲೆ ಅಡಿಕೆ ಹಾಕಿಕೊಂಡು ಬಂದರು. ಕೆಳಗಿನ ಅಡ್ಡಪಟ್ಟಿಗಳೆಲ್ಲ ಕೊಳೆತಿವೆ ಎಂದು ಬಿಚ್ಚಿದ ಮೇಲೆ ತಿಳಿಯಿತು. ಮಾತು ಉಳಿಸಿಕೊಂಡು ಲಾರಿ ಕಟ್ಟಿಕೊಟ್ಟರು. ಮಾತು ಉಳಿಯಿತು, ಶೆಡ್ಡು ಹೋಯಿತು, ಕೈಯ ಸಾಮಾನಿನಲ್ಲಿ ಅರ್ಧ ಹೋಯಿತು. ಉಳಿದ ಅರ್ಧ ಕಟ್ಟಿಕೊಂಡು ಹುಣಸೂರಿಗೆ ಬಂದೆವು. ದೇವರು ದೊಡ್ಡವನು, ಮಡಿಕೇರಿ ರಸ್ತೆಯ ಪಕ್ಕ ಬಾಡಿಗೆಗೆ ಒಂದು ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ಎರಡು ಕೋಣೆ ಸಿಕ್ಕವು. ಇನ್ನೊಂದು ಸಲ ಹಾಗಾದರೆ ಕಟ್ಟಿಕೊಂಡು ಹೊರಡಲು ಸಾಮಾನೇ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಆಷಾಢದ ಕೊನೆಯಲ್ಲಿ ಪಿರಿಯಾಪಟ್ಟಣದ ಆಚೆಯಿಂದ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಬಂದರು. ಅವರ ತಂದೆ ಓಡಿಸುತ್ತಿದ್ದ ಹಳೆಯ ವಿಲಾಯಿತಿ ಕಾರು ಕೊಟ್ಟಿಗೆಯ ಪಕ್ಕದ ಸೂರಿನ ಕೆಳಗೆ ನಿಂತುಬಿಟ್ಟಿದೆಯಂತೆ. ರಿಪೇರಿ ಬೇಡ, ತಂದ ದಿನ ಹೇಗಿತ್ತೋ ಹಾಗಾಗಬೇಕು, ಯುಗಾದಿಗೆ ರಸ್ತೆಗಿಳಿಯಬೇಕು ಎಂದರು.

"ಮೈಸೂರಿನವನು ಐದು ಸಾವಿರ ಅಂದ ಕಣಯ್ಯ. ಅಷ್ಟು ದುಡ್ಡಿಗೆ ಕಾರ್ಗೂ ನಂಗೂ ಸೇರ್ಸಿ ಬಣ್ಣ ಒಡೀಬೋದು," ಎಂದು ನಕ್ಕರು. "ನಿನ್ ಬಾಯಲ್ಲಿ ಏನ್ ಬತ್ತದೋ ನೋಡಾನ."

ಯಜಮಾನರು ಹೋಗಿ ಕಾರು ನೋಡಿ ಬಂದರು. ಬಂದವರ ಮುಖದಲ್ಲಿ ಬೆಳಕಿತ್ತು. ನನಗೆ ಅದೇ ಹೆದರಿಕೆ. ಕೆಲಸ ಮನಸ್ಸಿಗೆ ಹಿಡಿಸಿದರೆ ಅವರು ಕಡಿಮೆ ಹೇಳುತ್ತಿದ್ದರು.

ಲೆಕ್ಕ ಹಾಕುವುದು ಅಡಿಗೆ ಕೋಣೆಯಲ್ಲೇ. ಬರೆದು ಕೂಡಿಸುವ ಅಭ್ಯಾಸ ಅವರಿಗಿರಲಿಲ್ಲ. ನಾನು ಹುಣಸೆ ಬೀಜದ ಡಬ್ಬ ತಂದಿಡುತ್ತಿದ್ದೆ. ಒಂದು ಬೀಜಕ್ಕೆ ಇಪ್ಪತ್ತೈದು ರೂಪಾಯಿ. ಇಂಜಿನ್ನಿಗೆ ಒಂದು ಗುಡ್ಡೆ, ತಗಡಿಗೆ ಒಂದು, ಬಣ್ಣಕ್ಕೆ, ಸೀಟಿಗೆ, ಮರಕ್ಕೆ ಒಂದೊಂದು. ಆ ಕಾಲದ ಕಾರಿಗೆ ತಗಡಿನ ಒಳಗೆ ಮರದ ಗೂಡು ಇರುತ್ತಿತ್ತು. ಬಾಗಿಲು, ಕಂಬ, ಕಾಲಿಡುವ ಹಲಗೆ ಎಲ್ಲ ಮರವೇ. ತಗಡಿನ ಕೆಲಸಕ್ಕೆ ನಮ್ಮ ಬೀದಿಯ ಟಿಂಕರಿಂಗ್ ಸಾಹೇಬರು ಜೊತೆ. ಅವರು ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು ತಮ್ಮ ಪಾಲಿನ ಬೀಜ ಎಣಿಸಿ ಹೇಳಿ, ನನ್ನ ಕಡೆ ನೋಡಿದರು.

"ಅಮ್ಮಾ, ನಿಮ್ ಯಜಮಾನ್ರಿಗೆ ನಾಲ್ಕು ಮಾತು ಕಲ್ಸಿ. ಗಿರಾಕಿ ಬೈದ್ರೆ ನಂಗೆ ಭಯ ಇಲ್ಲ, ಹೊಗಳಿದ್ರೆ ಭಯ. ಹೊಗಳಿದ್ರೆ ಇವರು ಬಣ್ಣ ಪುಕ್ಸಟ್ಟೆ ಹೊಡೆದುಕೊಡ್ತಾರೆ."

"ನೀನು ಸುಮ್ನಿರೋ ಮಾರಾಯ," ಎಂದರು ಯಜಮಾನರು.

ಮರದ ಗುಡ್ಡೆ ಎಲ್ಲಕ್ಕಿಂತ ಸಣ್ಣದಾಗಿತ್ತು. ನನ್ನ ಕಣ್ಣು ಅಲ್ಲೇ ನಿಂತಿತು.

"ಮರಕ್ಕೆ ಇಷ್ಟೇನಾ, ರೀ?"

"ಮುಂದಿನ ಬಾಗ್ಲು ತೆಗ್ದು ಗುದ್ದಿ ನೋಡಿದೀನಿ ಕಣೆ. ಗಂಟೆ ಒಡ್ದಂಗೆ ಅಂತದೆ."

"ಹಿಂದಿನ ಬಾಗ್ಲು?"

"ಅದು ಗೋಡೆ ಕಡೆಗದೆ, ಮುಂದಿನ ಸೀಟಿನ ಇಂದೆ ಪರದೆ ಕಟ್ಟವ್ರೆ, ಒಳ್ಗಿಂದ ಕಾಣಾಕಿಲ್ಲ. ಮನೆ ಇಂದ್ಗಡೆ ಇತ್ಲಿಂದ ಓಗ್ಬೇಕು. ಎಂಗಸ್ರು ಓಡಾಡೋ ಜಾಗ ಅಂದ್ರು. ಕಂಡೋರ್ ಮನೆ ಇತ್ಲಿಗೆ ನುಗ್ಗಾಕಾಯ್ತದಾ? ಬಣ್ಣ ನೋಡು, ಒಂದ್ ಚೂರು ಎದ್ದಿಲ್ಲ."

ಎಲ್ಲ ಗುಡ್ಡೆ ಸೇರಿ ಎರಡು ಸಾವಿರದ ಎಂಟುನೂರಾಯಿತು. ನಾನು ಮರದ ಗುಡ್ಡೆಗೆ ಒಂದು ಹಿಡಿ ಬೀಜ ಸೇರಿಸಿದೆ. ಅವರು ನಗುತ್ತ ಅದನ್ನು ಡಬ್ಬಕ್ಕೆ ವಾಪಸು ಹಾಕಿದರು.

ಶ್ರಾವಣದ ಮೊದಲ ಶುಕ್ರವಾರ ಬೆಲೆ ಹೇಳುವುದೆಂದಾಯಿತು. ನಾನೂ ಬರುತ್ತೇನೆಂದೆ. ಗೌಡರ ಮನೆಯ ಹೆಂಗಸರಿಗೆ ಅರಿಸಿನ ಕುಂಕುಮ ಕೊಟ್ಟ ಹಾಗಾಗುತ್ತದೆ ಎಂಬುದು ನೆಪ. ಬಸ್ಸಿನಲ್ಲಿ ನನ್ನ ಪಕ್ಕ ಬೈಲಕುಪ್ಪೆಗೆ ಹೋಗುವ ಟಿಬೆಟಿನ ಮುದುಕಿಯೊಬ್ಬಳು ಜಪಮಣಿ ಎಣಿಸುತ್ತ ಕೂತಿದ್ದಳು. ನಾನು ಸೆರಗಿನೊಳಗೆ ಬೆರಳು ಮಡಿಸುತ್ತ ನಮ್ಮಮ್ಮ ಚಾಮುಂಡಿಯ ಹೆಸರು ಹೇಳಿಕೊಳ್ಳುತ್ತಿದ್ದೆ. ಅವಳು ಏನು ಬೇಡಿಕೊಂಡಳೋ. ನಾನು ಬೇಡಿಕೊಂಡದ್ದು ಒಂದೇ: ಇವರ ಬಾಯಿಂದ ಮಾತು ಬೀಳುವ ಮುಂಚೆ ಒಮ್ಮೆ ತಡೆ ತಾಯೀ.

ಗೌಡರ ಮನೆಯ ಜಗುಲಿಯಲ್ಲಿ ಗಂಡಸರು ಕೂತರು. ಅಂಗಳದಾಚೆ ಸೂರಿನ ಕೆಳಗೆ ಕಾರು ಕಾಣುತ್ತಿತ್ತು. ದುಂಡು ದೀಪ, ಕಪ್ಪು ಮೈ, ಮುಖ ನೋಡಿಕೊಳ್ಳುವಂಥ ಹೊಳಪು. ಪ್ರತಿ ವರ್ಷ ಆಯುಧಪೂಜೆಗೆ ತೊಳೆದು, ಮುಂದಿನ ಭಾಗಕ್ಕೆ ಒಂದು ಕೈ ಬಣ್ಣ ಹೊಡೆದು, ಹಾರ ಹಾಕುತ್ತಾರೆಂದು ಆಮೇಲೆ ತಿಳಿಯಿತು. ಓಡದ ಕಾರಿಗೆ ಪೂಜೆ ತಪ್ಪಿರಲಿಲ್ಲ.

ನಾನು ಒಳಗೆ ಹೋದೆ. ಗೌಡರ ತಾಯಿ, ಸೊಂಟ ಬಗ್ಗಿದ ಅಜ್ಜಿ, ಸೊಸೆಯಿಂದ ಕುಂಕುಮ ಕೊಡಿಸಿ ನನ್ನ ಕೈಗೊಂದು ಹಾಲಿನ ತಂಬಿಗೆ ಇಟ್ಟರು.

"ಬಾ ಮಗ, ನಾಗಪ್ಪಂಗೆ ಆಲು ಊದು ಬರಾನ. ಶ್ರಾವಣದಲ್ಲಿ ಬಂದಿದೀಯೆ, ಬರೀ ಕೈಲಿ ಕಳಸ್ಲಾ?"

ಹಿತ್ತಿಲಿನಲ್ಲಿ ಅವರ ಹಿಂದೆ ನಡೆದೆ. ಕೊಟ್ಟಿಗೆ ಸುತ್ತಿ, ಗೋಡೆಗೂ ಸೂರಿಗೂ ನಡುವಿನ ಸಂದಿಗೆ ಬಂದು ಅಜ್ಜಿ ನಿಂತರು. ಎದುರಿಗೆ ಕಾರಿನ ಬೆನ್ನು. ಹಿಂದಿನ ಬಾಗಿಲು ತೆರೆದೇ ಇತ್ತು, ಮುಚ್ಚಲು ಜಾಗವಿರಲಿಲ್ಲ. ನೆಲದಿಂದ ಎದ್ದ ಹುತ್ತ ಕಾರಿನ ಹಲಗೆ ತೂರಿ, ಸೀಟನ್ನು ನುಂಗಿ, ಕಿಟಕಿಯ ಮಟ್ಟಕ್ಕೆ ಬೆಳೆದಿತ್ತು. ಮೈ ತುಂಬ ಅರಿಸಿನ ಕುಂಕುಮ. ಮೇಲೆ ಬಾಯಿ ಬಿಟ್ಟುಕೊಂಡ ಕಪ್ಪು ತೂತುಗಳು.

ಹಾವಿನ ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡದಾಗಿ ನನ್ನ ಕಣ್ಣಿಗೆ ಬಂದದ್ದು ಅಡಿಗೆ ಕೋಣೆಯ ನೆಲದ ಮೇಲಿನ ಆ ಸಣ್ಣ ಗುಡ್ಡೆ. ಹುತ್ತವಿದ್ದಲ್ಲಿ ಗೆದ್ದಲು. ಗೆದ್ದಲಿದ್ದಲ್ಲಿ ಮರವೆಲ್ಲಿ?

"ಅವ್ವಾ, ಇದನ್ನ ನಮ್ಮನೆಯವರು ನೋಡಿಲ್ಲ," ಎಂದೆ.

"ಗಂಡಸ್ರು ಇತ್ತಗೆ ಬರಾಕಿಲ್ಲ ಮಗ. ಆಯುಧಪೂಜೆ ಅವರ್ದು, ಮುಂದ್ಗಡೆ. ಪಂಚಮಿ ನಮ್ದು, ಇಂದ್ಗಡೆ."

"ನಿಮ್ಮ ಮಗನಿಗೆ ಗೊತ್ತಿಲ್ವಾ?"

"ಉತ್ತ ಇರೋದು ಗೊತ್ತು. ಕಾರಿನ ಒಳೀಕೆ ಬಂದದೆ ಅನ್ನೋದು ಅವನ್ಯಾಕೆ ನೋಡ್ತಾನೆ? ಕೇಳಿದ್ರೆ ಯೇಳ್ತಿದ್ದೆ, ಯಾರೂ ಕೇಳ್ಲಿಲ್ಲ."

ಜಗುಲಿಯ ಕಡೆಯಿಂದ ಯಜಮಾನರು ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಬೆಲೆ ಹೇಳುವ ಮುಂಚೆ ಅವರು ಹಾಗೆ ಮಾಡುತ್ತಿದ್ದರು. ಗಂಡಸರ ನಡುವೆ ಹೋಗಿ ನಿಲ್ಲಿಸಿ ಎನ್ನುವ ಹೆಂಗಸು ಆಗ ನಾನಲ್ಲ, ನಮ್ಮ ಕಡೆ ಯಾರೂ ಅಲ್ಲ. ಹಾಲು ಹೊಯ್ದೆ. ಹೊಯ್ಯುತ್ತಲೇ ಬಾಗಿಲ ಕಂಬಕ್ಕೆ ಬೆರಳು ತಾಗಿತು. ಬೆರಳು ಒಳಗೆ ಹೋಯಿತು. ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ ಹಾಗೆ.

ಹುತ್ತದ ಮಣ್ಣನ್ನು ಪ್ರಸಾದವೆಂದು ತರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒದ್ದೆ ಮಣ್ಣು ಚಿಟಿಕೆ ತೆಗೆದು ಒಂದು ಎಲೆಯ ಮೇಲಿಟ್ಟೆ. ಅದರ ಪಕ್ಕ, ಬೆರಳಿನ ಜೊತೆ ಕಂಬದಿಂದ ಕಿತ್ತುಬಂದ ಮರದ ಚೂರನ್ನೂ ಇಟ್ಟೆ.

"ಅವ್ವಾ, ಎಲೆ ಅಡಿಕೆ ತಟ್ಟೇಲಿ ಇದನ್ನೂ ಇಟ್ಟು ಕೊಡ್ತೀರಾ? ಅವರು ಮೊದಲು ನಾಗಪ್ಪನ ಪ್ರಸಾದ ಮುಟ್ಲಿ."

ಅಜ್ಜಿ ಚೂರನ್ನು ನೋಡಿದರು, ನನ್ನನ್ನು ನೋಡಿದರು. ತಟ್ಟೆ ತಾವೇ ಹಿಡಿದು ನಡೆದರು. ಆ ಬಗ್ಗಿದ ಸೊಂಟದ ನಡಿಗೆ ಎಷ್ಟು ನಿಧಾನವೆಂದರೆ, ನಾನು ಬಾಗಿಲ ಹಿಂದೆ ನಿಂತು ಅವರ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಗೌಡ್ರೇ, ಎಲ್ಲ ಸೇರಿ..." ಎಂದು ಇವರು ಶುರು ಮಾಡಿದ್ದರು.

"ತಡಿಯಪ್ಪ. ಮೊದ್ಲು ಪ್ರಸಾದ," ಎಂದರು ಅಜ್ಜಿ.

ಇವರು ಮಣ್ಣು ಹಣೆಗಿಟ್ಟುಕೊಂಡರು. ಕೈಗೆ ಚೂರು ಬಂತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದರು. ಹುಡಿ ಉದುರಿತು. ಅವರ ಮುಖದ ಬೆಳಕು ಹೋದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ.

"ಇಂಜಿನ್ನು, ತಗಡು, ಬಣ್ಣ, ಸೀಟು," ಎಂದರು. "ಇವಕ್ಕೆ ಎರಡೂವರೆ ಸಾವಿರ. ಮರಕ್ಕೆ ಈವತ್ತು ಯೇಳಾಕಿಲ್ಲ ಗೌಡ್ರೇ. ಕಾರು ಈಚೆಗೆ ಎಳ್ದು, ಇಂದ್ಗಡೆ ನೋಡಿ ಯೇಳ್ತೀನಿ."

ಗೌಡರ ಹುಬ್ಬು ಗಂಟಾಯಿತು. "ಅರ್ಧ ಬೆಲೆ ಯೇಳೋದು ಅಂದ್ರೇನಯ್ಯ? ಅರ್ಧ ತಾಳಿ ಕಟ್ಟಿ, ಮಿಕ್ಕಿದ್ದು ನಾಳೆ ಅಂತೀಯ? ಮೈಸೂರಿನವನು ಒಂದೇ ಮಾತ್ನಲ್ಲಿ ಯೇಳ್ದ."

ಕೆಲಸ ಕೈತಪ್ಪಿತೆಂದೇ ನಾನು ತಿಳಿದೆ. ಶೆಡ್ಡಿನ ಬಾಡಿಗೆ, ಸಾಹೇಬರಿಗೆ ಕೊಟ್ಟ ಮಾತು ಎಲ್ಲ ಕಣ್ಣ ಮುಂದೆ ಬಂದವು. ತಡೆ ತಾಯೀ ಎಂದು ನಾನೇ ಬೇಡಿದ್ದೆ. ಈಗ ಇಷ್ಟೊಂದು ತಡೆಯಬೇಡ ಎನ್ನುವಂತಾಯಿತು.

ಯಜಮಾನರು ತಟ್ಟೆಯಿಂದ ಎಲೆಯನ್ನಷ್ಟೇ ತೆಗೆದುಕೊಂಡರು. "ಎಲೆ ತಕ್ಕಂಡಿದೀನಿ. ಅಡಿಕೆ ಇಲ್ಲೇ ಇರ್ಲಿ. ಮರ ನೋಡಿದ್ ದಿನ ತಕ್ಕತೀನಿ."

ಹಾಗೆ ಮಾಡಿದವರನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಗೌಡರು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅಡಿಕೆಯನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನನ್ ತಾವ ಇರ್ತದೆ ಬುಡು. ನೋಡ್ದೆ ಬೆಲೆ ಯೇಳೋನ್ ಕೈಗೆ ನಿಮ್ಮಪ್ಪನ ಕಾರು ಕೊಟ್ಟೀಯಾ ನೀನು?"

ಬಸ್ಸಿನಲ್ಲಿ ಹುಣಸೂರಿಗೆ ಹಿಂದಿರುಗಿದೆವು. ಇಳಿದ ಮೇಲೆ ಯಜಮಾನರು ಕೇಳಿದರು: "ಆ ಚೂರು ಯಾರಿಟ್ಟಿದ್ದು?"

"ಪ್ರಸಾದ ಅಲ್ವೇನ್ರೀ," ಎಂದೆ.

ಅಲ್ಲಿಂದ ಕಾರು ಎಳೆಯುವ ದಿನದವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹುತ್ತ ಒಡೆಯುವಂತಿರಲಿಲ್ಲ, ಒಡೆದರೆ ನಾಗದೋಷ. ಒಡೆಯದೆ ಕಾರು ಬರುವಂತಿರಲಿಲ್ಲ. ಅಜ್ಜಿಯೇ ದಾರಿ ಹೇಳಿದರು: ಹುತ್ತ ಇದ್ದಲ್ಲೇ ಇರಲಿ, ಕಾರು ಅದನ್ನು ಬಿಟ್ಟು ಬರಲಿ. ಸಾಹೇಬರು ಹಿಂದಿನ ತಗಡನ್ನು ಹುತ್ತ ದಾಟುವಷ್ಟು ಅಗಲಕ್ಕೆ ಬಿಡಿಸಿದರು. ಅಜ್ಜಿ ಹಾಲೆರೆದು, "ತಪ್ಪಿದ್ರೆ ಒಟ್ಟೆಗಾಕ್ಕೊಳಪ್ಪ, ಗಾಡಿ ಮಾತ್ರ ತಕ್ಕೊಂಡೋಯ್ತೀವಿ," ಎಂದು ಕೈಮುಗಿದರು. ಮುಂದಕ್ಕೆ ಜೋಡಿ ಎತ್ತು ಕಟ್ಟಿ ಎಳೆದರು. ಕಾರು ಕಿರುಗುಟ್ಟಿ ಅಲುಗಿತು, ನಿಧಾನವಾಗಿ ಬಿಸಿಲಿಗೆ ಬಂತು. ಅದರ ನೆಲದ ಹಲಗೆಗಳು, ಸೀಟು, ಹಿಂದಿನ ಕಂಬದ ಅರ್ಧ ಹುತ್ತಕ್ಕೆ ಅಂಟಿಕೊಂಡು ಹಿಂದೆಯೇ ಉಳಿದವು. ಎಲ್ಲರೂ ಆ ತೂತುಗಳ ಕಡೆ ನೋಡುತ್ತ ನಿಂತೆವು. ಎತ್ತುಗಳು ಕೂಡ ಕಿವಿ ನಿಮಿರಿಸಿದ್ದವು. ಒಂದು ಹಾವಿನ ಪೊರೆ ಗಾಳಿಗೆ ಅಲ್ಲಾಡಿತು. ಬೇರೇನೂ ಬರಲಿಲ್ಲ. ಅದೊಂದು ಕರುಣೆ ಎಂದು ಲೆಕ್ಕಕ್ಕಿಟ್ಟುಕೊಂಡೆ.

ಕಾರಿನ ಹಿಂಭಾಗ ಬರೀ ಬಣ್ಣದ ಮೇಲೆ ನಿಂತಿತ್ತು. ಯಜಮಾನರು ಒಂದೊಂದು ಕಂಬಕ್ಕೂ ಗುದ್ದುತ್ತ ಬಂದರು. ಎಲ್ಲಿಯೂ ಗಂಟೆ ಬಾರಿಸಲಿಲ್ಲ.

"ಮರಕ್ಕೆ ಒಂದೂವರೆ ಸಾವಿರ ಗೌಡ್ರೇ. ಎಗ್ಗಡದೇವನ ಕೋಟೆ ಕಡೆಯಿಂದ ಮರ ತರ್ಸಿ, ಅದು ಒಣಗ್ಬೇಕು, ಆಮೇಲೆ ಕೆಲ್ಸ."

ಗೌಡರು ಕಾರನ್ನು ಒಂದು ಸುತ್ತು ಹಾಕಿದರು. ಈಗ ಮೈಸೂರಿನವನ ಬೆಲೆಗೂ ನಮ್ಮದಕ್ಕೂ ನಡುವೆ ಒಂದು ಸಾವಿರವಷ್ಟೇ ಉಳಿದಿತ್ತು.

"ಅವತ್ತೇ ಒಂದೇ ಮಾತ್ನಲ್ಲಿ ಯೇಳಿದ್ರೆ ಏನ್ ಯೇಳ್ತಿದ್ದೆ?" ಎಂದು ಕೇಳಿದರು.

"ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ಅಂತಿದ್ದೆ. ಅಷ್ಟಕ್ಕೇ ಮಾಡ್ಕೊಡ್ತಿದ್ದೆ."

"ಆಮೇಲೆ?"

"ಆಮೇಲೆ ಹುಣಸೂರಲ್ಲಿ ನಂದು ಶೆಡ್ಡು ಇರ್ತಿರ್ಲಿಲ್ಲ."

ಅವರು ಹಾಗೆ ಹೇಳಿಬಿಟ್ಟರು, ನಮ್ಮ ಮನೆಯೊಳಗೂ ಹೇಳದ ಮಾತನ್ನು. ಗೌಡರು ಇವರ ಮುಖವನ್ನೇ ನೋಡಿದರು. ಆಮೇಲೆ ತೋಟದ ಕಡೆ ತಿರುಗಿ, "ಅಲ್ಲಿ ಒನ್ನೆ ಮರ ಕುಯ್ಸಿ ಆಕಿದೀನಿ, ಚೆನ್ನಾಗಿ ಒಣಗದೆ. ಬಾಗ್ಲು ಮಾಡ್ಸಾನ ಅಂತಿತ್ತು. ಮರ ನಂದು, ಕೆಲ್ಸ ನಿಂದು. ಈಗೆಷ್ಟು?" ಎಂದರು.

ಇವರು ಹೋಗಿ ಆ ಹೊನ್ನೆ ದಿಮ್ಮಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಈ ಸಲ ಹಿಂದುಗಡೆಯನ್ನೂ ನೋಡಿದರು. "ಆರ್ನೂರು," ಎಂದರು.

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಅಡಿಕೆ ಒಣಗಿ ಕಲ್ಲಾಗಿತ್ತು. ಇವರು ಬಾಯಿಗೆ ಹಾಕಿಕೊಂಡು ಕಚ್ಚಿದ ಸದ್ದು ಬಾಗಿಲ ಹಿಂದೆ ನಿಂತ ನನಗೂ ಕೇಳಿಸಿತು. ಹಲ್ಲು ಮುರಿಯಿತೇನೋ ಎಂದುಕೊಂಡೆ.

ಯುಗಾದಿಗೆ ಕಾರು ರಸ್ತೆಗಿಳಿಯಿತು. ಗೌಡರು ಹುತ್ತದ ಮೇಲಿನ ಸೂರನ್ನು ಕೀಳದೆ ಹೆಂಚು ಹಾಕಿಸಿದರು. ಹಳೆಯ ಸೀಟಿನ ಕಬ್ಬಿಣ ಇನ್ನೂ ಅದರ ಮೈಯಲ್ಲಿ ಸಿಕ್ಕಿಕೊಂಡಿದೆ ಎಂದು ಅಜ್ಜಿ ಹೇಳಿ ಕಳಿಸಿದ್ದರು. ನಮ್ಮ ಶೆಡ್ಡು ನಮ್ಮಲ್ಲೇ ಉಳಿಯಿತು. ಬೆಲೆ ಹೇಳುವ ದಿನದ ಹೆದರಿಕೆ ಮಾತ್ರ ನನ್ನನ್ನು ಬಿಡಲಿಲ್ಲ. ಆದರೆ ಆಮೇಲೆ ಅಡಿಗೆ ಕೋಣೆಯಲ್ಲಿ ನಾನು ಮರದ ಗುಡ್ಡೆಗೆ ಒಂದು ಹಿಡಿ ಬೀಜ ಸೇರಿಸಿದರೆ ಅವರು ಅದನ್ನು ಡಬ್ಬಕ್ಕೆ ವಾಪಸು ಹಾಕುತ್ತಿರಲಿಲ್ಲ.