ಒಬ್ಬರಿಗೆ ಸಾಕಾಗುವಷ್ಟು

ಎಂಬತ್ತು ಜನರಿಗೆ ಅಡುಗೆ ಮಾಡು ಎಂದರೆ ಸೌಟಮ್ಮ ನಿದ್ದೆಗಣ್ಣಲ್ಲೂ ಮಾಡಿಯಾಳು. ನೂರಿಪ್ಪತ್ತಕ್ಕೆ ಮಾಡು ಎಂದರೆ ಟವೆಲ್ಲನ್ನು ಸೊಂಟಕ್ಕೆ ಬಿಗಿದು “ಅಷ್ಟೇನಾ?” ಎಂದಾಳು. ಒಬ್ಬರಿಗೆ ಮಾಡುವುದನ್ನು ಕಲಿಸು ಎಂದ ದಿನ ಮಾತ್ರ ಅವಳ ಕೈಕಾಲು ಆಡಲಿಲ್ಲ.

ನೋಡಿಕೊಳ್ಳುವವರಿಲ್ಲದ ಹೆಣ್ಣುಮಕ್ಕಳ ಆ ನಿಲಯಕ್ಕೆ ಅವಳು ಬಂದದ್ದು ಮೂರು ತಿಂಗಳ ತಾತ್ಕಾಲಿಕ ಕೆಲಸಕ್ಕೆ. ಮೂರು ತಿಂಗಳು ಇಪ್ಪತ್ತೆರಡು ವರ್ಷವಾಯಿತು; ‘ತಾತ್ಕಾಲಿಕ’ ಎಂಬ ಪದವೊಂದೇ ಖಾಯಂ ಆಯಿತು. ಅವಳ ಒಲೆಯ ಉರಿ ಸೈಕಲ್ ಚಕ್ರದಷ್ಟು ಅಗಲ. ಅವಳ ಸೌಟು ಗುದ್ದಲಿಯ ಖಾಸಾ ತಮ್ಮ. ಉಪ್ಪೆಂದರೆ ಒಂದೂವರೆ ಮಗ್ಗು, ಎಣ್ಣೆಯೆಂದರೆ ಡಬ್ಬಿ ಬಗ್ಗಿಸಿ ಮೂರು ಎಣಿಸುವಷ್ಟು ಹೊತ್ತು. ನಿಲಯ ಸೇರಿದ ವರ್ಷ ಮನೆಯಲ್ಲೂ ಒಮ್ಮೆ ಇದೇ ಕೈಯಿಂದ ಅಡುಗೆ ಮಾಡಿದ್ದಳು. ಗಂಡಹೆಂಡತಿ ನಾಲ್ಕು ದಿನ ತಿಂದರು, ಮಹಡಿಯವರು ತಿಂದರು, ಎದುರುಮನೆಯವರು ತಿಂದು ಕೈಮುಗಿದರು. ಐದನೆಯ ದಿನ, ಗಡಿಯಾರ ರಿಪೇರಿಯ ಗಂಡ ಅವಳ ಕೈಯಿಂದ ಸೌಟು ಕಿತ್ತುಕೊಂಡ. ಅಂದಿನಿಂದ ಮನೆಯ ಅಡುಗೆ ಅವನದು.

ನಿಲಯದಲ್ಲಿ ಹದಿನೆಂಟು ತುಂಬಿದವರು ಮರುದಿನ ಹೊರಗೆ. ಅಲ್ಲಿಯವರೆಗೆ ಬೆಂಕಿಕಡ್ಡಿ ಮುಟ್ಟಿದರೆ ಏಟು, ಅಡುಗೆಮನೆಯೊಳಗೆ ಕಾಲಿಟ್ಟರೆ ಗದರಿಕೆ. ಹುಟ್ಟಿದ ದಿನ ಬಂತೆಂದರೆ ‘ಇನ್ನು ನಿನ್ನ ಕಾಲ ಮೇಲೆ ನೀನು ನಿಲ್ಲು’ ಎಂಬ ಉಪದೇಶ. ಈಜು ಕಲಿಸದೆ ಹೊಳೆಗೆ ತಳ್ಳಿ, ದಡದಲ್ಲಿ ಕುರ್ಚಿ ಹಾಕಿಕೊಂಡು ಅಂಕ ಕೊಡುವ ಜನ ಇವರು. ಆ ಅಂಕಕ್ಕೂ ಒಂದು ಪರೀಕ್ಷೆಯಿತ್ತು: ‘ಸ್ವತಂತ್ರ ಜೀವನ ಸಾಮರ್ಥ್ಯ ಪರಿಶೀಲನೆ’. ಮೂವರ ಕಮಿಟಿ ಸರಿಯಾಗಿ ಊಟದ ಹೊತ್ತಿಗೆ ಬರುತ್ತಿತ್ತು. ಸೌಟಮ್ಮ ಬೇಯಿಸಿದ ಹಂಡೆಯ ಪಕ್ಕ ಹುಡುಗಿ ಸೌಟು ಹಿಡಿದು ನಿಲ್ಲುತ್ತಿದ್ದಳು. ಫೋಟೋ ಆಗುತ್ತಿತ್ತು. ಕಮಿಟಿ ಹೊಟ್ಟೆ ತುಂಬ ಉಂಡು, ಹುಡುಗಿ ಸಮರ್ಥಳೆಂದು ಬರೆದು ತೇಗುತ್ತಾ ಹೋಗುತ್ತಿತ್ತು.

ಹಾಗೆ ಸಮರ್ಥಳಾದ ಒಬ್ಬಳು ಕಳೆದ ವರ್ಷ ಮೂರನೆಯ ದಿನವೇ ಗೇಟಿನ ಹೊರಗೆ ಬಂದು ನಿಂತಿದ್ದಳು. “ಅಕ್ಕಾ, ಅನ್ನಕ್ಕೆ ನೀರು ಎಷ್ಟು ಇಡ್ಬೇಕು?”

“ಅರ್ಧ ಡ್ರಮ್ಮು,” ಎಂದಿದ್ದಳು ಸೌಟಮ್ಮ, ಥಟ್ಟನೆ.

ಹುಡುಗಿ ತಲೆಯಾಡಿಸಿ ಹೋಗಿಬಿಟ್ಟಳು. ಆಡಿದ್ದು ಏನೆಂದು ಸೌಟಮ್ಮನಿಗೆ ಹೊಳೆದು, ಬೀದಿಯ ತುದಿಯವರೆಗೆ ಓಡಿದರೂ ಅವಳು ಸಿಗಲಿಲ್ಲ. ಆ ಅರ್ಧ ಡ್ರಮ್ಮು ನೀರು ಸೌಟಮ್ಮನ ಗಂಟಲಲ್ಲಿ ಇಂದಿಗೂ ಇಳಿದಿಲ್ಲ.

ಈ ವರ್ಷದ ಸರದಿ ಪೆನ್ಸಿಲ್ ಎಂಬ ಹುಡುಗಿಯದು. ತೆಳ್ಳಗೆ, ಉದ್ದಕ್ಕೆ ಇದ್ದುದರಿಂದ ಆ ಹೆಸರು. ಪುಸ್ತಕ ಕಟ್ಟುವ ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಪ್ರೆಸ್ಸಿನ ಹಿಂದೆಯೇ ಒಂದು ಕೋಣೆ. ಅದರ ಒಡತಿ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಳು. ಪಾಸಾದರೆ ಕೆಲಸವೂ ಉಂಟು, ಕೋಣೆಯೂ ಉಂಟು. ಫೇಲಾದರೆ ಎರಡೂ ಇಲ್ಲ: ದೂರದ ಊರಿನ ‘ಮುಂದುವರಿದ ಪಾಲನಾಗೃಹ’ದಲ್ಲಿ ಮತ್ತೆ ಎರಡು ವರ್ಷ ಸಾಲುಮಂಚ, ಗಂಟೆ ಹೊಡೆದಾಗ ಏಳು, ಗಂಟೆ ಹೊಡೆದಾಗ ಮಲಗು. ಇದರ ಮೇಲೆ ಮೇಲಿನವರು ಹೊಸ ನಿಯಮ ಬೇರೆ ತಂದಿದ್ದರು. ಅಭ್ಯರ್ಥಿ ತಾನೇ, ಒಬ್ಬರಿಗೆ ಸಾಕಾಗುವಷ್ಟು ಊಟವನ್ನು, ಏನೂ ಚೆಲ್ಲದಂತೆ ಕಮಿಟಿಯ ಎದುರೇ ಮಾಡಬೇಕು. ಕಲಿಸುವ ಹೊಣೆ: ಅಡುಗೆಯವಳು.

ಮೊದಲ ದಿನ ಇಬ್ಬರೂ ಗಣಿತಕ್ಕೆ ಕೂತರು. ಹತ್ತು ಕಿಲೋ ಅಕ್ಕಿಯನ್ನು ಎಂಬತ್ತರಿಂದ ಭಾಗಿಸಿ ಪೆನ್ಸಿಲ್ ನೂರಿಪ್ಪತ್ತೈದು ಗ್ರಾಂ ಎಂದಳು. ಅದನ್ನು ಹಂಡೆಗೆ ಹಾಕಿದರೆ ಅಕ್ಕಿ ಎಲ್ಲಿದೆಯೆಂದು ಬಗ್ಗಿ ಹುಡುಕಬೇಕಾಯಿತು. ಸೈಕಲ್ ಚಕ್ರದ ಉರಿಗೆ ನೀರು ಎರಡೇ ನಿಮಿಷದಲ್ಲಿ ಮಂಗಮಾಯ. ಅನ್ನ ತಳಕ್ಕೆ ಗಾರೆ ಹಾಕಿದಂತೆ ಕೂತಿತು. ಕೆರೆಯಲು ಗೋಡೆ ಕೆಲಸದವನ ಕರಣೆ ತರಿಸಬೇಕಾಯಿತು.

ಹಾಗೆಂದು ಸಣ್ಣ ಒಲೆ, ಸಣ್ಣ ಪಾತ್ರೆ ನಿಲಯದಲ್ಲಿ ಇರಲಿಲ್ಲವೆಂದಲ್ಲ. ‘ಅಭ್ಯಾಸ ಕಿಟ್’ ಎಂಬ ಹೆಸರಿನಲ್ಲಿ ಮೇಲ್ವಿಚಾರಕರ ಗಾಜಿನ ಬೀರುವಿನಲ್ಲಿ ಸೀಲು ಒಡೆಯದೆ ಕೂತಿದ್ದವು.

“ಸಾರ್, ಆ ಕಿಟ್ಟು ಕೊಡಿ, ಹುಡುಗಿ ಅಭ್ಯಾಸ ಮಾಡ್ಲಿ.”

“ಏನಮ್ಮಾ ನೀನು, ಬಳಸಿದ್ರೆ ಹಳೇದಾಗಲ್ವಾ? ಪರೀಕ್ಷೆ ದಿನ ತೆಗೀತೀವಿ.”

“ಅಲ್ಲ ಸಾರ್, ಅಭ್ಯಾಸದ ಕಿಟ್ಟು ಅಭ್ಯಾಸಕ್ಕಲ್ದೆ ಪೂಜೆಗಾ?”

“ನಿನ್ನದು ತಾತ್ಕಾಲಿಕ ಕೆಲಸ, ನೆನಪಿರ್ಲಿ,” ಎಂದರು ಮೇಲ್ವಿಚಾರಕರು. ಉತ್ತರ ತೋಚದಾಗಲೆಲ್ಲ ಅವರು ಅದನ್ನೇ ಹೇಳುತ್ತಿದ್ದರು.

ಸೌಟಮ್ಮ ಬರಿಗೈಯಲ್ಲಿ ಅಡುಗೆಮನೆಗೆ ಹಿಂತಿರುಗಿದಳು. ಇನ್ನು ಉಳಿದದ್ದು ಒಂದೇ ದಾರಿ. ಅಳೆದಳೆದು ಅಡುಗೆ ಮಾಡುತ್ತಾನೆಂದು ಇಪ್ಪತ್ತೆರಡು ವರ್ಷ ಯಾರನ್ನು ‘ಚಮಚ’ ಎಂದು ಹಂಗಿಸಿದ್ದಳೋ ಅವನ ಮುಂದೆಯೇ ಹೋಗಿ ನಿಲ್ಲಬೇಕು. ‘ತರಕಾರಿ ಹೊರಲು ಸಹಾಯ’ ಎಂದು ಗೇಟ್ ಪಾಸಿನಲ್ಲಿ ಬರೆಸಿ, ಭಾನುವಾರ ಪೆನ್ಸಿಲ್‌ಳನ್ನು ಮನೆಗೆ ಕರೆದುಕೊಂಡು ಹೋದಳು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಗಂಡ ಎಲ್ಲವನ್ನೂ ಕೇಳಿ ಹಿಗ್ಗಿ ಹೀರೇಕಾಯಿಯಾದ. “ಏನಮ್ಮಾ ಬಕೆಟ್ ರಾಣಿ, ಕೊನೆಗೂ ಚಮಚದ ಹತ್ರ ಕೆಲಸ ಬಿತ್ತಾ?”

“ಹುಡುಗಿ ಮುಂದೆ ನನ್ನ ಮಾನ ಕಳೀಬೇಡಿ.”

“ಎಷ್ಟು ಕಳೀಲಿ ಹೇಳು. ಒಂದು ಚಿಟಿಕೆನಾ, ಒಂದು ಬಕೆಟ್ಟಾ?”

ಪೆನ್ಸಿಲ್ ಕಿಸಕ್ಕನೆ ನಕ್ಕಳು. ಆಮೇಲೆ, ತುಂಬ ಹೊತ್ತಿನಿಂದ ಕೇಳಬೇಕೆಂದಿದ್ದವಳಂತೆ ಕೇಳಿದಳು. “ಒಬ್ಬರಿಗೇ ಮಾಡಿದ್ರೆ ಮಿಕ್ಕೋರು ಏನು ತಿಂತಾರೆ ಅಣ್ಣಾ?”

“ಮಿಕ್ಕೋರು ಯಾರೂ ಇರಲ್ಲ ಕಣಮ್ಮ. ನೀನೊಬ್ಬಳೇ.”

ಅವಳು ಅದನ್ನು ಲೆಕ್ಕ ಹಾಕುತ್ತಿರುವಂತೆ ಕಾಣಿಸಿತು. ಸೌಟಮ್ಮ ಸುಮ್ಮನೆ ಹೋಗಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದಳು.

ಗಡಿಯಾರದವನ ಪಾಠ ವಿಚಿತ್ರವಾಗಿತ್ತು. ಬೆರಳ ಗೆಣ್ಣು ಅದ್ದಿ ನೀರು ಅಳೆಯುವುದನ್ನು ಒಮ್ಮೆ ತೋರಿಸಿ ತನ್ನ ಮೇಜಿಗೆ ಹಿಂತಿರುಗಿದ. ಒಲೆಯ ಬಳಿಯಿಂದ “ಅಣ್ಣಾ, ಉಪ್ಪು ಹಾಕಲಾ? ಮುಚ್ಚಲಾ? ಉರಿ ಇಳಿಸಲಾ?” ಎಂದು ಕೂಗು ಬಂದರೆ ತುಟಿಪಿಟಕ್ಕೆನ್ನಲಿಲ್ಲ.

“ಕಿವಿ ಕೇಳಿಸಲ್ವಾ ನಿಮಗೆ?” ಎಂದಳು ಸೌಟಮ್ಮ.

“ಕೇಳಿಸ್ತದೆ. ನಾಳೆ ಅವಳ ರೂಮಲ್ಲಿ ಯಾರು ಹೇಳ್ತಾರೆ, ಗೋಡೆನಾ?”

ಹಾಗಾಗಿ ಮೊದಲ ಭಾನುವಾರ ಇದ್ದಿಲಾಯಿತು. ಎರಡನೆಯದಕ್ಕೆ ಗಂಜಿಯಾಯಿತು. ಮೂರನೆಯದಕ್ಕೆ ಅನ್ನ, ಬೇಳೆ, ಎರಡು ಹೋಳು ಆಲೂಗಡ್ಡೆ ಒಂದೇ ತಟ್ಟೆಯಲ್ಲಿ ಮನುಷ್ಯರು ತಿನ್ನುವಂತೆ ಕೂತವು. ಮೂಲೆಯಲ್ಲಿ ಕದ್ದು ಕಲಿಯುತ್ತಿದ್ದ ಸೌಟಮ್ಮ ಮಾಡಿದ್ದು ಮಾತ್ರ ಆ ದಿನವೂ ಮಹಡಿಯವರಿಗೆ ಹೋಯಿತು.

ಪರೀಕ್ಷೆ ಬೆಳಗ್ಗೆ ಹನ್ನೊಂದಕ್ಕೆ. ಕಮಿಟಿ ಬಂದದ್ದು ಒಂದೂವರೆಗೆ. ಅಷ್ಟರಲ್ಲಿ ನಿಲಯದ ಮಕ್ಕಳೆಲ್ಲ ಉಂಡು ಎದ್ದಿದ್ದರು. ಪೆನ್ಸಿಲ್ ಬೆಳಗ್ಗಿನಿಂದ ಒಲೆಯ ಮುಂದೆಯೇ ನಿಂತಿದ್ದಳು, ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಹೋಗಿರಲಿಲ್ಲ. ಅಧ್ಯಕ್ಷರು, ಟಿಪ್ಪಣಿ ಬರೆಯುವ ಮೇಡಂ, ಫೋಟೋದವನು, ಮೂವರೂ ಹಳೆಯ ರೂಢಿಯಂತೆ ಹಸಿದುಕೊಂಡೇ ಬಂದಿದ್ದರು. ಬಾಯಿ ಬಿಟ್ಟರೆ ನಾಳೆಯಿಂದ ಕೆಲಸವಿಲ್ಲ ಎಂದು ಮೇಲ್ವಿಚಾರಕರು ಸೌಟಮ್ಮನಿಗೆ ಮೊದಲೇ ತಾಕೀತು ಮಾಡಿದ್ದರು. ಅವಳು ಟವೆಲ್ಲಿನ ಚುಂಗನ್ನು ಹಲ್ಲಿಗೆ ಕಚ್ಚಿ ಗೋಡೆಗೆ ಅಂಟಿಕೊಂಡಳು.

ಸೀಲು ಒಡೆದ ಕಿಟ್ಟಿನಲ್ಲಿ ಪಾತ್ರೆಗೆ ಮುಚ್ಚಳವೇ ಇರಲಿಲ್ಲ. ಎರಡು ವರ್ಷ ಗಾಜಿನ ಹಿಂದೆ ಮೆರೆದ ವೈಭವ ಅದು! ಮೇಲ್ವಿಚಾರಕರು ಬಿಳುಚಿಕೊಂಡರು. ಪೆನ್ಸಿಲ್ ಒಂದು ಕ್ಷಣ ನೋಡಿ, ತಟ್ಟೆಯನ್ನು ಮಗುಚಿ ಮುಚ್ಚಿದಳು. ಬೆರಳ ಗೆಣ್ಣಿಗೆ ನೀರು ಅಳೆದಳು, ಉರಿ ಇಳಿಸಿದಳು. ಅನ್ನ ಬೆಂದ ಮೇಲೆ ತಟ್ಟೆಗೆ ಬಗ್ಗಿಸಿ, ಅದೇ ಪಾತ್ರೆ ತೊಳೆದು ಬೇಳೆ, ಎರಡು ಹೋಳು ಆಲೂಗಡ್ಡೆ ಬೇಯಿಸಿದಳು. ಘಮ ಏಳುತ್ತಿದ್ದಂತೆ ಅಧ್ಯಕ್ಷರು ಕುರ್ಚಿಯನ್ನು ಎರಡು ಸಲ ಮುಂದಕ್ಕೆ ಎಳೆದುಕೊಂಡರು.

ಊಟ ತಟ್ಟೆಗೆ ಬಂತು. ಅಧ್ಯಕ್ಷರು ಕೈ ಚಾಚುವುದಕ್ಕೂ ಹುಡುಗಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದಕ್ಕೂ ಸರಿಹೋಯಿತು. ಕೂತವಳೇ ಉಣ್ಣತೊಡಗಿದಳು.

“ಏಯ್, ಏನಿದು? ನಮಗೆಲ್ಲಿ?” ಅಧ್ಯಕ್ಷರ ದನಿ ಸೀಳಿತು.

ಪೆನ್ಸಿಲ್ ತುತ್ತು ನುಂಗಿ ತಲೆಯೆತ್ತಿದಳು. “ಒಬ್ಬರಿಗೆ ಸಾಕಾಗುವಷ್ಟು ಅಂತ ಇತ್ತಲ್ಲ ಸಾರ್.”

“ಹಾಗಂತ ನೀನೇ ತಿನ್ನೋದಾ?”

ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಮತ್ತೆ ನಾನೇ ತಾನೇ ಸಾರ್ ಆ ಒಬ್ಬಳು?”

ಸೌಟಮ್ಮ ಟವೆಲ್ಲನ್ನು ಇನ್ನೂ ಎರಡು ಗೇಣು ಬಾಯೊಳಗೆ ತುರುಕಿಕೊಂಡಳು. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ. ಹುಡುಗಿಯ ಕೋಣೆ ಆ ತಟ್ಟೆಯ ಅಂಚಿನಲ್ಲಿ ತೂಗಾಡುತ್ತಿತ್ತು, ಹುಡುಗಿಯೋ ಆಲೂಗಡ್ಡೆ ಕಿವುಚುತ್ತಿದ್ದಳು.

“ಬರೀರಿ ಮೇಡಂ, ಫೇಲು. ಗೌರವ ಇಲ್ಲ, ಬರೀರಿ.”

ಮೇಡಂ ನಮೂನೆಯನ್ನು ಹಿಂದೆಮುಂದೆ ತಿರುಗಿಸಿದಳು. “ಗೌರವಕ್ಕೆ ಕಾಲಂ ಇಲ್ಲ ಸಾರ್. ‘ಪ್ರಮಾಣ ಒಬ್ಬರಿಗೆ ಸಾಕಾಯಿತೇ’ ಅಂತಿದೆ. ಸಾಕಾಯ್ತೇನಮ್ಮಾ?”

“ಸಾಕಾಯ್ತು ಮೇಡಂ.”

“‘ವ್ಯರ್ಥವಾದದ್ದು’...” ಬಗ್ಗಿ ತಟ್ಟೆ ನೋಡಿದಳು. ಕನ್ನಡಿಯಂತಿತ್ತು. “ಏನೂ ಇಲ್ಲ.”

“ರುಚಿ?” ಅಧ್ಯಕ್ಷರು ಗೆದ್ದವರಂತೆ ಬೆರಳೆತ್ತಿದರು. “ರುಚಿ ನೋಡದೆ ಹೇಗ್ರೀ ಬರೀತೀರಿ?”

“ನಾನು ನೋಡಿದೆ ಸಾರ್,” ಎಂದಳು ಪೆನ್ಸಿಲ್, ಬೆರಳು ನೆಕ್ಕುತ್ತಾ. “ಉಪ್ಪು ಒಂಚೂರು ಕಮ್ಮಿ ಆಗಿತ್ತು. ನಾಳೆ ಸರಿ ಮಾಡ್ಕೋತೀನಿ.”

ಮೇಡಂ ಅದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದಳು. ಬರೆಯುವಾಗ ಅವಳ ತುಟಿಯ ಕೊನೆ ಅಲುಗಿತು. ಆಮೇಲೆ ಹಾಳೆಯನ್ನು ಅಧ್ಯಕ್ಷರ ಮುಂದೆ ಸರಿಸಿದಳು. ಅಧ್ಯಕ್ಷರು ಪೆನ್ನು ಹಿಡಿದು ಕೂತರು. ಸಹಿ ಹಾಕಲು ಮನಸ್ಸಿಲ್ಲ, ಹಾಕದಿರಲು ಕಾಲಂ ಇಲ್ಲ. ಅವರ ಹೊಟ್ಟೆ ಎಲ್ಲರಿಗೂ ಕೇಳಿಸುವಂತೆ ಗುರ್ರೆಂದಿತು.

“ಒಳಗೆ ಏನಾದ್ರೂ ಇದೆಯೇನಮ್ಮಾ?” ಎಂದರು ಸೌಟಮ್ಮನ ಕಡೆ ತಿರುಗಿ, ಮೆತ್ತಗೆ.

ಸೌಟಮ್ಮ ಬಾಯಿಂದ ಟವೆಲ್ಲು ತೆಗೆದಳು. ಕೇಳಿದವರಿಗೆ ಉತ್ತರ ಕೊಡಬಾರದೆಂದು ಯಾರೂ ತಾಕೀತು ಮಾಡಿರಲಿಲ್ಲ. “ಇದೆ ಸಾರ್. ಸಹಿ ಹಾಕಿ, ಕೈ ತೊಳ್ಕೊಂಡು ಬನ್ನಿ. ಪೆನ್ನು ಹಿಡ್ಕೊಂಡು ಹೇಗೆ ತಿಂತೀರಿ?”

ಸಹಿ ಬಿತ್ತು. ಪೆನ್ಸಿಲ್ ತಟ್ಟೆಯನ್ನೂ ಪಾತ್ರೆಯನ್ನೂ ತೊಳೆದಿಟ್ಟು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು, ಕೋಣೆಯ ಒಡತಿಗೆ ಸುದ್ದಿ ಹೇಳಲು ಗೇಟಿನತ್ತ ಓಡಿದಳು. ಕಮಿಟಿಯವರು ಅಡುಗೆಮನೆಯ ಕಿಟಕಿಯ ಮುಂದೆ, ಮಕ್ಕಳು ನಿಲ್ಲುವ ಜಾಗದಲ್ಲಿ, ಮಕ್ಕಳ ತಟ್ಟೆ ಹಿಡಿದು ಸಾಲಾಗಿ ನಿಂತರು. ಮೂವರಿಗೂ ಒಂದೊಂದು ಸೌಟು ಬಿತ್ತು. ಅಧ್ಯಕ್ಷರು ನಿಂತಲ್ಲೇ ಗಬಗಬ ಮುಗಿಸಿ, ಮತ್ತೆ ತಟ್ಟೆ ಚಾಚಿದರು.

“ಇನ್ನೊಂದು ಸೌಟು ಹಾಕಮ್ಮಾ.”

“ಎರಡನೇ ಸಲ ಬಡಿಸೋ ಹಾಗಿಲ್ಲ ಸಾರ್,” ಎಂದು ಸೌಟಮ್ಮ ಕಿಟಕಿಯ ಪಕ್ಕದ ಗೋಡೆ ತೋರಿಸಿದಳು. ಅಲ್ಲಿ ಮಸಿ ಹಿಡಿದ ಆದೇಶವೊಂದು ಅಂಟಿಕೊಂಡಿತ್ತು. “ಕೆಳಗೆ ನಿಮ್ಮದೇ ಸಹಿ ಇದೆ, ನೋಡ್ಕೊಳ್ಳಿ.”