ಐದಕ್ಕೆ ಐದು ಧೈರ್ಯ

ಗುಬ್ಬಿಯ ಶುಗರ್ ಕ್ಯಾಂಪಿನಲ್ಲಿ ನಾನು ರಕ್ತ ತೆಗೆಯೋ ನರ್ಸು. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದ ನಾವು, ಇನ್ಸುಲಿನ್ ಚುಚ್ಕೋಬೇಡಿ ಅನ್ನೋದನ್ನ ಮರೆತಿದ್ದೆವು. ಚುಚ್ಚಿಕೊಂಡೇ ಬಂದಿದ್ದ ತಾತ ಒಬ್ಬರು ಕ್ಯೂನಲ್ಲಿ ಬೆವೆತು ನಡುಗತೊಡಗಿದರು. ತುಮಕೂರಿಂದ ಬಂದಿದ್ದ ಕೊನೇ ವರ್ಷದ ಮೆಡಿಕಲ್ ವಿದ್ಯಾರ್ಥಿಗಳಲ್ಲೊಬ್ಬ ಫಾರಂ ಹಿಡಿದು ಅವರನ್ನೇ, "ನಿಮ್ಮ ತಂದೆಗೂ ಶುಗರ್ ಇತ್ತಾ?" ಅಂತ ವಿಚಾರಿಸ್ತಿದ್ದ. ನಾನು ಗ್ಲೂಕೋಸ್ ಹುಡುಕೋಷ್ಟರಲ್ಲಿ ತಾತನ ಹೆಂಡತಿ ಎಲೆಅಡಿಕೆ ಚೀಲದಿಂದ ಬೆಲ್ಲ ತೆಗೆದರು.

"ಅಜ್ಜಿ, ಶುಗರ್ ಪೇಷೆಂಟ್‌ಗೆ ಬೆಲ್ಲ ಕೊಡಬಾರ್ದು!" ಅಂದ ವಿದ್ಯಾರ್ಥಿ.

"ಶುಗರ್ ಇಳಿದೈತೆ ಕಣಪ್ಪ. ನೀನು ಬರ್ಕೊಂಡು ಮುಗಿಸೋವರೆಗೂ ಇವ್ರು ಇರಬೇಕಲ್ಲ?" ಅಂತ ಅಜ್ಜಿ ಗಂಡನ ಬಾಯಿಗೆ ಬೆಲ್ಲ ಇಟ್ಟೇಬಿಟ್ಟರು. ಸ್ವಲ್ಪ ಹೊತ್ತಿಗೆ ತಾತ ಚೇತರಿಸಿಕೊಂಡರು.

ಸಂಜೆ ವಿದ್ಯಾರ್ಥಿಗಳಿಗೂ ಒಂದು ಫಾರಂ ಕೊಟ್ಟರು: ಸಕ್ಕರೆ ಕಾಯಿಲೆ ನಿಭಾಯಿಸೋ ಧೈರ್ಯ ನಿಮಗೆ ಐದಕ್ಕೆ ಎಷ್ಟಿದೆ? ಬೆಲ್ಲ ಬೇಡ ಅಂದಿದ್ದ ನಮ್ಮ ಡಾಕ್ಟರಪ್ಪ ಐದಕ್ಕೆ ಐದು ಹಾಕಿಕೊಂಡ. ಅಜ್ಜಿಗೆ ಮಾತ್ರ ಆ ಫಾರಂ ಯಾರೂ ಕೊಡಲಿಲ್ಲ.