ಗಾಜಕ್ಕನ ಹೊಸ ಬ್ರೇಕು

ಗಾಡಿ ಓಡಿಸುವವರ ಹೆಚ್ಚುಗಾರಿಕೆಯನ್ನು ಜನ ಓಟದಲ್ಲಿ ಅಳೆಯುತ್ತಾರೆ. ನಾನು ನಿಲ್ಲಿಸುವುದರಲ್ಲಿ ಅಳೆಯುತ್ತೇನೆ. ಇಳಿಜಾರು ಸಿಕ್ಕರೆ ಕುಂಬಳಕಾಯಿಯೂ ಓಡುತ್ತದೆ, ಅದರಲ್ಲೇನು ಬಂತು? ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ನನ್ನ ಬಡಗಿ ಅಂಗಡಿಯ ಎದುರಿಗೆ ಒಂದು ಗಾಜಿನ ಗೋದಾಮಿದೆ, ಅಲ್ಲಿಗೆ ದಿನಾ ಬಂದು ಹೋಗುವ ಗಾಜಕ್ಕ ಕಲಿಸಿದಳು.

ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಅವಳ ಲೈಸೆನ್ಸಿಗೆ ಮಾತ್ರ ಗೊತ್ತು. ಬೀದಿಗೆಲ್ಲ ಅವಳು ಗಾಜಕ್ಕ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ನಾನೂ ಅಕ್ಕ ಎಂದೇ ಕರೆಯುವುದು. ಮೇಲಿನ ಪೇಟೆಯ ಗೋದಾಮಿನಿಂದ ಕೆಳಗಿನ ಪೇಟೆಯ ಕಟ್ಟಡಗಳಿಗೆ ಗಾಜಿನ ಹಾಳೆಗಳನ್ನು ಸಾಗಿಸುವುದು ಅವಳ ಕಸುಬು. ಗಂಡ ಹೊಲಿಗೆಯವನು, ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ, ಸೋಫಾಗಳಿಗೆ ಕವರು ಹೊಲಿಯುತ್ತಾನೆ. ಮಾತು ಕಡಿಮೆ, ಯಾಕೆಂದರೆ ಬಾಯಲ್ಲಿ ಸದಾ ಸೂಜಿ. ಅವನ ತಮ್ಮ, ಅಂದರೆ ಗಾಜಕ್ಕನ ಮೈದುನ, ಅವಳ ಗಾಡಿಯಲ್ಲಿ 'ಹಿಡಿಯುವವನು'.

ಹಿಡಿಯುವವನು ಎಂದರೆ ಏನೆಂದು ಹೇಳಬೇಕು. ಗಾಜನ್ನು ಮಲಗಿಸಿ ಸಾಗಿಸುವ ಹಾಗಿಲ್ಲ, ತನ್ನ ಭಾರಕ್ಕೆ ತಾನೇ ಒಡೆಯುತ್ತದೆ. ಗಾಡಿಯ ನಡುವೆ ಗುಡಾರದ ಆಕಾರದ ಮರದ ಸ್ಟ್ಯಾಂಡು ಇಟ್ಟು, ಎರಡೂ ಬದಿಗೆ ಹಾಳೆಗಳನ್ನು ಉದ್ದುದ್ದಕ್ಕೆ ಒರಗಿಸಿ ನಿಲ್ಲಿಸಿ ಹಗ್ಗ ಸುತ್ತುತ್ತಾರೆ. ಆದರೂ ಬ್ರೇಕು ಹಾಕಿದಾಗ ಹಾಳೆಗಳು ಮುಂದಕ್ಕೆ ಜಾರುತ್ತವೆ. ಜಾರದಿರಲೆಂದು ಒಬ್ಬ ಮನುಷ್ಯ ಡ್ರೈವರ್ ಕೋಣೆಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂತು, ಅಂಗೈಗೆ ಗೋಣಿಚೀಲ ಸುತ್ತಿಕೊಂಡು, ಗಾಜಿನ ಅಂಚುಗಳನ್ನು ಒತ್ತಿ ಹಿಡಿಯಬೇಕು. ಆ ಗೋದಾಮಿನಲ್ಲಿ ಮೊದಲಿನಿಂದಲೂ ಇದೇ ಪದ್ಧತಿ. ಅಲ್ಲಿ ಗಾಜು ತುಂಬುವವರು ಯಾವ ಗಾಡಿ ಬಂದರೂ ಮೊದಲು ಕೇಳುವುದು, "ಹಗ್ಗ ಇದೆಯಾ, ಆಳು ಇದಾನಾ?" ಹಗ್ಗ, ಆಳು ಎರಡೂ ಒಂದೇ ಉಸಿರಿನಲ್ಲಿ.

ಗಾಜಕ್ಕನ ಪಿಕಪ್ ಒಂದು ಕಾಲಕ್ಕೆ ನೀಲಿ ಇತ್ತು. ಅದರ ಬಾಗಿಲು ಹಾಕಬೇಕಾದರೆ ಮೊದಲು ಎತ್ತಬೇಕು, ಆಮೇಲೆ ಬಯ್ಯಬೇಕು, ಆಮೇಲೆ ತಳ್ಳಬೇಕು. ಎಂಜಿನ್ ಮಾತ್ರ ಗಟ್ಟಿ. ನಾಲ್ಕು ಚಕ್ರಕ್ಕೂ ಹಳೆಯ ಡ್ರಮ್ ಬ್ರೇಕು, ಮುಚ್ಚಿದ ಡಬ್ಬಿಯೊಳಗಿಂದ ಅದುಮುವಂಥದ್ದು. ಇಳಿಜಾರು ಉದ್ದವಾದರೆ ಡಬ್ಬಿ ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಅವಳು ಪೆಡಲನ್ನು ತಿದಿ ಒತ್ತಿದ ಹಾಗೆ ಒತ್ತೊತ್ತಿ ನಿಲ್ಲಿಸುತ್ತಿದ್ದಳು.

ಒಂದು ದಿನ ಒತ್ತಿದರೂ ನಿಲ್ಲಲಿಲ್ಲ. ಪೇಟೆಯ ಇಳಿಜಾರಿನ ಅರ್ಧದಲ್ಲಿ ಪೆಡಲು ನೆಲ ಮುಟ್ಟಿತು. ಅವಳು ಗೇರು ಇಳಿಸಿ, ಮುಂದಿನ ಚಕ್ರವನ್ನು ಪಕ್ಕದ ಕಲ್ಲಿನ ಕಟ್ಟೆಗೆ ಉಜ್ಜುತ್ತಾ ಉಜ್ಜುತ್ತಾ ನಿಲ್ಲಿಸಿದಳು. ಹಿಂದೆ ಕೂತಿದ್ದ ಮೈದುನ ಗಾಜನ್ನು ಬಿಟ್ಟಿರಲಿಲ್ಲ. ಗೋಣಿ ಹರಿದು ಅಂಗೈ ಸೀಳಿತ್ತು.

"ಒಂದು ಹಾಳೆಯೂ ಒಡೀಲಿಲ್ಲ ಅತ್ತಿಗೆ," ಎಂದು ಅವನು ನಗುತ್ತಾ ಇಳಿದ.

ಅವಳು ನಗಲಿಲ್ಲ. ಅವನ ಕೈಗೆ ತನ್ನ ತಲೆವಸ್ತ್ರ ಸುತ್ತಿ, "ಇನ್ನು ಮೇಲೆ ನೀನು ಹಿಂದೆ ಕೂರಲ್ಲ," ಎಂದಳು.

ಸುದ್ದಿ ಅವಳಿಗಿಂತ ಮೊದಲೇ ಗೋದಾಮು ಮುಟ್ಟಿತ್ತು. ಗೋದಾಮಿನ ಯಜಮಾನ ಕೆಟ್ಟವನಲ್ಲ, ತನ್ನ ಗಾಜಿನ ಮೇಲೆ ಬೆರಳಿನ ಗುರುತು ಮೂಡಿದರೂ ತಾನೇ ಒರೆಸುವ ಮನುಷ್ಯ. ಮನುಷ್ಯರ ಮೇಲೆ ಮೂಡಿದ್ದು ಅವನಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ.

"ಗುಜರಿಗೆ ಹಾಕಕ್ಕಾ ಅದನ್ನ," ಎಂದ. "ಪಾಪ, ಅದಕ್ಕೂ ವಯಸ್ಸಾಯ್ತು."

"ಅದು ಓಡೋದಕ್ಕೆ ವಯಸ್ಸಾಗಿಲ್ಲ, ನಿಲ್ಲೋದಕ್ಕೆ ವಯಸ್ಸಾಗಿದೆ. ನಿಲ್ಲೋದನ್ನ ಹೊಸದು ಮಾಡ್ತೀನಿ."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ ನೋಡು."

"ಮೂಗು ನಂದು ತಾನೆ?"

ಅವಳು ಗುಜರಿ ಅಂಗಳಕ್ಕೆ ಹೋದದ್ದು ನಿಜ, ಕೊಡುವುದಕ್ಕಲ್ಲ, ತರುವುದಕ್ಕೆ. ಅದೇ ಕಂಪನಿಯ ಎಷ್ಟೋ ವರ್ಷ ಈಚಿನ ಗಾಡಿಯೊಂದು ಅಲ್ಲಿ ಬೆನ್ನು ಮುರಿದು ಬಿದ್ದಿತ್ತು. ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ತೆರೆದ ಉಕ್ಕಿನ ತಟ್ಟೆಯನ್ನು ಎರಡು ಬದಿಯಿಂದ ಇಕ್ಕಳದ ಹಾಗೆ ಕಚ್ಚಿ ಹಿಡಿಯುವುದು, ಗಾಳಿಗೆ ಬೇಗ ಆರುವುದು. ಮೆಕ್ಯಾನಿಕ್ಕು ಆ ಬಿಡಿಭಾಗಗಳನ್ನೆಲ್ಲ ಬಿಚ್ಚಿ ತಂದ. ತಟ್ಟೆ ಸವೆದಿತ್ತು, ಹೊಸದು ಹಾಕಿದರು. ಹಳೆಯ ಚಕ್ರದ ರಿಮ್ಮು ಇಕ್ಕಳಕ್ಕೆ ತಾಗಿತು, ರಿಮ್ಮೂ ಬದಲಾಯಿತು.

ಒಂದು ಕಡೆ ಮಾತ್ರ ಉಳಿತಾಯ ಮಾಡಲು ಹೋಗಿ ಕೆಟ್ಟರು. ಕಾಲಿನ ಒತ್ತಡವನ್ನು ಬ್ರೇಕ್ ಎಣ್ಣೆಗೆ ದಾಟಿಸುವ ಮಾಸ್ಟರ್ ಸಿಲಿಂಡರು ಹಳೆಯದೇ ಇರಲಿ ಎಂದರು. ಅದು ಡ್ರಮ್ಮಿನ ಕಾಲದ್ದು, ಕಾಲು ತೆಗೆದ ಮೇಲೂ ಎಣ್ಣೆಯಲ್ಲಿ ಚೂರು ಒತ್ತಡ ಉಳಿಸಿಕೊಳ್ಳುವ ಜಾತಿ. ಡ್ರಮ್ಮಿಗೆ ಅದು ಒಳ್ಳೆಯದು, ಡಿಸ್ಕಿಗೆ ಕೆಟ್ಟದ್ದು, ಇಕ್ಕಳ ತಟ್ಟೆಯನ್ನು ಬಿಡುವುದೇ ಇಲ್ಲ. ಮೊದಲ ಸುತ್ತು ಹೊಡೆದು ಬರುವಷ್ಟರಲ್ಲಿ ಮುಂದಿನ ಚಕ್ರ ಎರಡೂ ಸುಟ್ಟ ವಾಸನೆ ಹೊಡೆದವು.

"ಮುಷ್ಟಿ ಬಿಚ್ಚು ಅಂದ್ರೂ ಬಿಚ್ಚಲ್ಲ, ಅಡವಿಟ್ಟುಕೊಳ್ಳೋವ್ನ ಹಾಗೆ," ಎಂದ ಮೆಕ್ಯಾನಿಕ್ಕು.

"ಹಾಗಾದ್ರೆ ಅದನ್ನೂ ಬದಲಾಯಿಸು. ಅರ್ಧ ಮೀಸೆ ಬೋಳಿಸಿ ಬಿಡೋಕಾಗುತ್ತಾ?"

ಅದೂ ಬದಲಾಯಿತು. ಒತ್ತಡ ಹೆಚ್ಚಿಸಿ ಕೊಡುವ ಬೂಸ್ಟರು ಬಂತು. ಹಿಂದಿನ ಡ್ರಮ್ಮುಗಳಿಗೆ ಹೊಸ ಪಟ್ಟಿ ಬಂತು. ಈಗ ಅದು ಒಂದೇ ಒತ್ತಿಗೆ ನಿಲ್ಲುವ ಗಾಡಿಯಾಯಿತು.

ಹೊಸ ಬ್ರೇಕಿನ ಮೊದಲ ಲೋಡಿಗೆ ಅವಳು ಮೈದುನನನ್ನು ತೋಳು ಹಿಡಿದು ಎಳೆದು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿದಳು. ತುಂಬುವವರು ನಕ್ಕರು. "ನೋಡ್ರೋ, ಮದುಮಗನ ಮೆರವಣಿಗೆ," ಎಂದರು. ಅವನು ಮುಖ ಗಂಟಿಕ್ಕಿಕೊಂಡು ಕೂತ.

ಇಳಿಜಾರಿನ ತಿರುವಿನಲ್ಲಿ ಒಬ್ಬ ತಳ್ಳುಗಾಡಿಯವನು ಅಡ್ಡ ಬಂದ. ಅವಳ ತಲೆಗೆ ಹೊಸ ಬ್ರೇಕು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕಾಲು ಹಳೆಯ ಅಭ್ಯಾಸದಲ್ಲಿ ಪೂರ್ತಿ ತುಳಿಯಿತು. ಗಾಡಿ ನೆಟ್ಟ ಗೂಟದ ಹಾಗೆ ನಿಂತಿತು. ಹಿಂದಿನ ಗಾಜಿಗೆ ಮಾತ್ರ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಹಾಳೆಗಳೆಲ್ಲ ಒಟ್ಟಿಗೆ ಜಾರಿ ಬಂದು ಡ್ರೈವರ್ ಕೋಣೆಯ ಹಿಂಗೋಡೆಗೆ ಹೊಡೆದವು. ನನ್ನ ಅಂಗಡಿಯವರೆಗೂ ಸದ್ದು ಕೇಳಿಸಿತು.

ಹಿಂದೆ ಹೋಗಿ ನೋಡಿದರೆ, ಮೈದುನ ದಿನಾ ಬೆನ್ನು ಕೊಟ್ಟು ಕೂರುತ್ತಿದ್ದ ಜಾಗದ ತಗಡಿನಲ್ಲಿ ಗಾಜಿನ ಅಂಚು ಕೊಡಲಿ ಏಟಿನ ಹಾಗೆ ಗೀರು ಬಿಟ್ಟಿತ್ತು. ಎದೆಯ ಮಟ್ಟಕ್ಕೆ. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

ಗೋದಾಮಿನಲ್ಲಿ ಎಲ್ಲರಿಗೂ ಹೇಳುವುದಿತ್ತು.

"ಭೇಷ್," ಎಂದ ತುಂಬುವವರಲ್ಲೊಬ್ಬ. "ಗಾಡಿ ನಿಂತಿತು, ಗಾಜು ಹೊರಟುಹೋಯ್ತು."

ಯಜಮಾನನ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಹಿಂದೆ ಆಳು ಕೂತಿದ್ರೆ ಗಾಜು ಒಡೀತಿರಲಿಲ್ಲ," ಎಂದ.

"ಹೌದು, ಒಡೀತಿರಲಿಲ್ಲ," ಎಂದಳು ಗಾಜಕ್ಕ. "ಅವನ ಎದೇಲಿ ನಾಟ್ಕೊಂಡು ನಿಲ್ತಿತ್ತು."

"ಇಷ್ಟು ವರ್ಷ ಯಾರಿಗೆ ನಾಟಿತ್ತು? ಮೆತ್ತಗಿನ ಬ್ರೇಕು, ಹಿಂದೊಬ್ಬ ಆಳು, ಎಲ್ಲಾ ಸರಿ ಇತ್ತು. ಕುಣಿಯೋಕೆ ಬರದೆ ನೆಲ ಡೊಂಕು ಅನ್ಬೇಡ. ಹಳೇ ಬ್ರೇಕು ಹಾಕಿಸು, ಇಲ್ಲಾ ಆಳನ್ನ ಹಿಂದೆ ಕೂರಿಸು. ಎರಡೂ ಆಗಲ್ಲ ಅಂದ್ರೆ ನಾಳೆಯಿಂದ ಬೇರೆ ಗಾಡಿ ಬರುತ್ತೆ."

ಅವಳಿಗೆ ನಿಜವಾಗಿ ನಾಟಿದ ಮಾತು ಯಜಮಾನನದಲ್ಲ. ಮೈದುನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, "ಅತ್ತಿಗೆ, ಅವರು ಹೇಳಿದ ಹಾಗೆ ಮಾಡೋಣ. ಹಿಡಿಯೋನು ಬೇಡ ಅಂತಾದ್ರೆ ನಾನು ಯಾಕೆ ಬೇಕು? ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ನಿನ್ನ ಹೊಟ್ಟೆ ಉಳೀಲಿ ಅಂತಾನೇ ಕಣೋ," ಎಂದು ಅವಳು ಗಾಡಿ ಹತ್ತಿದಳು.

ಸಂಜೆ ನಾನು ಉಳಿ ಮಸೆಯುತ್ತಿದ್ದಾಗ ಬಂದು ನಿಂತಳು. "ಅಣ್ಣಾ, ನಮ್ಮನೆ ಕಿಟಕಿ ಗಾಜೆಲ್ಲ ಬಿಚ್ಚಿಕೊಡು."

"ಯಾಕೆ, ಸಾಲದವರು ಬಂದ್ರಾ?"

"ಯಜಮಾನ್ರು ಇನ್ನು ಒಂದು ಚೂರು ಗಾಜೂ ನನ್ನ ಕೈಗೆ ಕೊಡಲ್ಲ. ನಂದೇ ಗಾಜು ಹಾಕ್ಕೊಂಡು ತೋರಿಸ್ತೀನಿ. ಒಡೆದ್ರೆ ಮನೆಗೆ ಗಾಳಿ ಚೆನ್ನಾಗಿ ಬರುತ್ತೆ."

ನಾನು ಆ ಕಿಟಕಿಗಳನ್ನು ನನ್ನ ಕೈಯಾರೆ ಮಾಡಿದವನು. ಅವನ್ನು ಬಿಚ್ಚುವುದು ನನಗೆ ಹಲ್ಲು ಕಿತ್ತ ಹಾಗೆ. ಬೇಡವೆಂದು ಹೇಳಿ ನೋಡಿದೆ. ಬಂಡೆಗೆ ಮಳೆ ಹೊಯ್ದ ಹಾಗಾಯಿತು. ಬಿಚ್ಚಿದೆ. ಬಟ್ಟೆ ಬೀರುವಿನ ಆಳೆತ್ತರದ ಕನ್ನಡಿಯನ್ನೂ ಅವಳು ಬಿಡಲಿಲ್ಲ. ಗಂಡ ಸೂಜಿಯನ್ನು ಬಾಯಿಂದ ತೆಗೆದು, "ಕನ್ನಡಿ ಹೋದ್ರೆ ನನ್ನ ಮುಖ ನೀನೇ ನೋಡಿ ಹೇಳಬೇಕು," ಎಂದ. ಅಷ್ಟು ಹೇಳಿ ಸೋಫಾಕ್ಕೆ ತಂದಿದ್ದ ದಪ್ಪ ಉಣ್ಣೆಬಟ್ಟೆಯನ್ನು ಕತ್ತರಿಸತೊಡಗಿದ.

ಆಳಿನ ಬದಲು ಗಾಜನ್ನು ತಡೆಯಲೆಂದು ನಾನು ಒಂದು ಗಟ್ಟಿ ತೊಲೆ ಆರಿಸಿ ಸ್ಟ್ಯಾಂಡಿನ ಮುಂಭಾಗಕ್ಕೆ ಅಡ್ಡಲಾಗಿ ಬೋಲ್ಟು ಹಾಕಿ ಬಿಗಿದೆ. ಗಂಡ ಅದಕ್ಕೆ ಉಣ್ಣೆಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸುತ್ತಿ, ಮೇಲೊಂದು ರಬ್ಬರು ಹಾಸಿ ಹೊಲಿದ. ಮೈದುನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಎದೆಯ ಮಟ್ಟಕ್ಕೆ ಬರುವ ತಡೆಯ ಮರವೊಂದು ತನ್ನ ಜಾಗದಲ್ಲಿ ಕೂತದ್ದನ್ನು ಯಾರು ತಾನೇ ಸಂತೋಷದಿಂದ ನೋಡುತ್ತಾರೆ? ಕೊನೆಗೆ ಹಗ್ಗ ಬಿಗಿಯುವಾಗ ತಡೆಯಲಾರದೆ ಅವನೇ ಬಂದು, "ಹಾಗಲ್ಲ, ಹಿಂದಿನಿಂದ ತಂದು ಅಡಿಗೆ ಹಾಕಿ," ಎಂದು ನಮ್ಮ ಕೈಯಿಂದ ಹಗ್ಗ ಕಿತ್ತುಕೊಂಡ. ಗಾಜು ಎತ್ತ ಜಾರುತ್ತದೆ ಎನ್ನುವುದು ಅವನ ಅಂಗೈಗೆ ಗೊತ್ತಿದ್ದಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ಯಜಮಾನ ಹೇಳಿದ್ದ ಬೇರೆ ಗಾಡಿ ಬಂದು ನಿಂತಿತ್ತು. ಲೋಡು ತುಂಬಿತ್ತು. ಹಿಂದೆ ಅಂಗೈಗೆ ಗೋಣಿ ಸುತ್ತಿಕೊಂಡ ಆಳೂ ಕೂತಿದ್ದ, ಯಾರೋ ಏನೋ, ನಡುವಯಸ್ಸಿನವನು, ತಲೆಯ ಮೇಲೆ ಟೊಪ್ಪಿ.

ಗಾಜಕ್ಕ ತನ್ನ ಗಾಡಿಯನ್ನು ಬೀದಿಯ ಮೇಲ್ತುದಿಗೆ ಒಯ್ದಳು. ಹೊರಡಬೇಕು ಎನ್ನುವಾಗ ಮೈದುನ ಹಿಂದೆ ಹಾರಿ ತನ್ನ ಹಳೆಯ ಜಾಗಕ್ಕೆ ನುಸುಳಿದ.

"ಮನೆ ಗಾಜು ಅತ್ತಿಗೆ. ಇದೊಂದು ಸಲ ಹಿಡೀತೀನಿ."

ಅವಳು ಎಂಜಿನ್ ಆರಿಸಿದಳು. "ಇಳಿ."

"ಎಲ್ಲರೂ ನೋಡ್ತಿದಾರೆ."

"ನೋಡಲಿ. ನೀನು ಇಳಿಯೋ ತನಕ ಇದು ಹೊರಡಲ್ಲ."

ಅವನು ಇಳಿದ. ಅವಳು ಹೊರಟಳು. ಇಳಿಜಾರಿನಲ್ಲಿ ಗಾಡಿ ಓಟ ಹಿಡಿದು ನನ್ನ ಅಂಗಡಿ ದಾಟುವಾಗ ಅವಳು ತುಳಿದಳು. ಗಾಡಿ ಮೂಗು ಬಗ್ಗಿಸಿ ನಿಂತಿತು. ಗಾಜುಗಳು ಝಣ್ ಎಂದು ಒಮ್ಮೆ ನಡುಗಿ ಸುಮ್ಮನಾದವು. ಅಡುಗೆಮನೆ ಕಿಟಕಿಯ ಒಂದು ಗಾಜಿನ ಮೂಲೆ ಮುಕ್ಕಾಯಿತು.

"ಒಂದು ಹೋಯ್ತು," ಎಂದ ಯಜಮಾನ ಗೇಟಿನಿಂದಲೇ. ಅವನ ಕಣ್ಣಿಗೆ ತಪ್ಪುವುದಿಲ್ಲ.

"ಹೋಯ್ತು. ಹಗ್ಗ ಸಡಿಲ ಇತ್ತು," ಎಂದು ಅವಳು ಮೈದುನನನ್ನು ಕರೆದಳು. ಅವನು ಬಿಗಿದುಕಟ್ಟಿದ. ಗಾಡಿ ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು. ಈ ಸಲ ಅವಳು ನನ್ನ ಅಂಗಡಿಯ ಮುಂದೆ ನಿಲ್ಲಲಿಲ್ಲ. ಓಟದಲ್ಲೇ ಗೋದಾಮಿನ ಗೇಟಿಗೆ ತಿರುಗಿ ಒಂದೇ ಒತ್ತಿಗೆ ನಿಲ್ಲಿಸಿದಳು. ಗೇಟಿಗೆ ಪೂರ್ತಿ ಅಡ್ಡವಾಗಿ. ಒಂದು ಗಾಜೂ ಅಲುಗಲಿಲ್ಲ. ಆಳೆತ್ತರದ ಕನ್ನಡಿಯಲ್ಲಿ ಯಜಮಾನನ ಮುಖವೂ, ಅವನ ಹಿಂದೆ ತುಂಬಿ ನಿಂತ ಗಾಡಿಯೂ ಕಾಣಿಸುತ್ತಿದ್ದವು.

ಯಜಮಾನ ತೊಲೆಯನ್ನು ತಟ್ಟಿ ನೋಡಿದ. ಉಣ್ಣೆಬಟ್ಟೆಯನ್ನು ಬೆರಳಲ್ಲಿ ಒತ್ತಿದ. "ಸರಿ ಕಣಕ್ಕಾ, ಒಪ್ಪಿದೆ. ನಾಳೆಯಿಂದ ಬಾ. ಒಬ್ಬ ಆಳಿನ ಕೂಲಿಯೂ ಉಳೀತು."

"ಉಳಿಯಲ್ಲ. ಹಿಡಿಯೋದಕ್ಕೆ ಕೊಡ್ತಿದ್ದ ಕೂಲೀನ ಕಟ್ಟೋದಕ್ಕೆ ಕೊಡಿ. ಅವನು ಕಟ್ಟದಿದ್ರೆ ಈ ತೊಲೆ ಒಲೆಗೆ ಸೌದೆ."

ಯಜಮಾನ ಮೈದುನನನ್ನು ನೋಡಿದ, ಮುಕ್ಕಾದ ಗಾಜನ್ನು ನೋಡಿದ. "ಆಯ್ತಪ್ಪ, ಆಯ್ತು. ಗಾಡಿ ತೆಗಿ ಈಗ, ಲೋಡು ಹೊರಡಬೇಕು."

ಅವಳು ತೆಗೆಯಲಿಲ್ಲ. ಎಂಜಿನ್ ಆರಿಸಿ ಸ್ಟಿಯರಿಂಗಿನ ಮೇಲೆ ಎರಡೂ ಕೈ ಮಡಿಸಿಟ್ಟಳು.

"ಅವನು ಇಳೀಲಿ," ಎಂದಳು. "ಆ ಟೊಪ್ಪಿಯವನು."

"ಅವನು ನಿನ್ನ ಆಳಲ್ಲವಲ್ಲ?"

"ಯಾರ ಆಳಾದ್ರೂ ಎದೆ ಎದೇನೇ. ಇಳೀಲಿ, ಆಮೇಲೆ ತೆಗೀತೀನಿ."

ಒಳಗಿನ ಗಾಡಿಯ ಡ್ರೈವರು ಹಾರನ್ ಒತ್ತಿದ. ತುಂಬುವವರು ಗದ್ದಲ ಮಾಡಿದರು. "ಗೋದಾಮು ನಿಂದಾ?" ಎಂದು ಯಜಮಾನ ಕೂಗಿದ, ಕೆಲಸ ಕೊಡುವುದಿಲ್ಲ ಎಂದ, ಒಪ್ಪಿದ್ದನ್ನು ವಾಪಸು ತೆಗೆದುಕೊಂಡೆ ಎಂದ.

"ತಗೊಳ್ಳಿ," ಎಂದಳು. "ಗೇಟು ಮಾತ್ರ ಸಿಗಲ್ಲ."

ಬೀದಿಯಲ್ಲಿ ಜನ ಸೇರಿದರು. ಮೆಕ್ಯಾನಿಕ್ಕೂ ಬಂದ. ಮೈದುನ ಹೋಗಿ ಗಾಡಿಯ ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಅದನ್ನು ಕಂಡು ಅವಳು ಮೊದಲ ಸಲ ನಕ್ಕಳು. "ಬ್ರೇಕು ಇದೆ ಕಣೋ," ಎಂದಳು.

"ಇರಲಿ ಅತ್ತಿಗೆ," ಎಂದ.

ಟೊಪ್ಪಿಯವನು ಅಷ್ಟು ಹೊತ್ತೂ ಗಾಜಿನ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೊನೆಗೆ ಅವನು ಅಂಗೈಯ ಗೋಣಿ ಬಿಚ್ಚಿ ಕೊಡವಿದ, ಗಾಡಿಯ ಪಕ್ಕದ ಹಲಗೆಯ ಮೇಲೆ ಕಾಲಿಟ್ಟು ಕೆಳಗಿಳಿದ, ಯಜಮಾನನ ಕಡೆ ನೋಡದೆ ನೇರ ನನ್ನ ಅಂಗಡಿಗೆ ನಡೆದು ಬಂದ.

"ಬಡಗಿಯಣ್ಣಾ," ಎಂದು ಕೇಳಿದ, "ಆ ಥರದ್ದು ಇನ್ನೊಂದು ತೊಲೆ ಇದೆಯಾ?"

ನಾನು ಉಳಿ ಕೈಗೆತ್ತಿಕೊಂಡೆ. ಬೀದಿಯಲ್ಲಿ ಗಾಜಕ್ಕ ಎಂಜಿನ್ ಶುರು ಮಾಡುವ ಸದ್ದು ಕೇಳಿಸಿತು.